ಒಂಬತ್ತನೇ ಶುಕ್ರವಾರದ ನಿಂಬೆ ದೀಪ

ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ನಿಂಬೆಹಣ್ಣಿನ ಹೋಳುಗಳನ್ನು ಮಗುಚುತ್ತಿದ್ದೆ. ರಸ ಹಿಂಡಿದ ಹೋಳನ್ನು ಹೆಬ್ಬೆರಳಿಂದ ನಿಧಾನವಾಗಿ ಒತ್ತುತ್ತಾ, ಮಕ್ಕಳ ಟೋಪಿಯನ್ನು ಒಳಹೊರಗು ಮಾಡುವ ಹಾಗೆ ತಿರುವಿದರೆ ಪುಟ್ಟ ಹಣತೆಯಾಗುತ್ತದೆ. ಅವಸರ ಮಾಡಿದರೆ ಅಂಚು ಹರಿದು ತುಪ್ಪವೆಲ್ಲ ಸೋರಿಹೋಗುತ್ತದೆ. ಮಗಳು ತಲೆಸ್ನಾನ ಮಾಡಿ, ಕೂದಲಿಗೆ ಟವೆಲ್ ಸುತ್ತಿಕೊಂಡು ನನ್ನ ಪಕ್ಕ ನಿಂತು ಎರಡು ಹೋಳು ಮಗುಚಿದ್ದಳು. ಒಂದು ಸರಿಯಾಗಿ ಬಂದಿತ್ತು, ಇನ್ನೊಂದರ ಅಂಚು ಹರಿದಿತ್ತು. "ಸಾಕು ಬಿಡು, ಹೋಗಿ ಬಟ್ಟೆ ಹಾಕ್ಕೋ. ಹತ್ತೂವರೆಗೆ ರಾಹುಕಾಲ ಶುರುವಾಗತ್ತೆ" ಎಂದು ಕಳಿಸಿದ್ದೆ.

ಸ್ವಲ್ಪ ಹೊತ್ತಿಗೆ ಬಚ್ಚಲಮನೆಯ ಬಾಗಿಲು ಒಂದಿಷ್ಟೇ ತೆರೆದ ಸದ್ದಾಯಿತು.

"ಅಮ್ಮಾ, ಇಲ್ಲಿ ಬಾ."

ತುಪ್ಪದ ಬಟ್ಟಲು ಹಿಡಿದೇ ಹೋದೆ. ಬಾಗಿಲ ಸಂದಿಯಲ್ಲಿ ಅವಳ ಅರ್ಧ ಮುಖ ಕಾಣಿಸುತ್ತಿತ್ತು. ನಗಬೇಕೋ ಅಳಬೇಕೋ ತಿಳಿಯದ ಮುಖ.

"ಬಂತಮ್ಮ" ಎಂದಳು.

ಏನು ಬಂತು ಎಂದು ಕೇಳುವ ಅಗತ್ಯವಿರಲಿಲ್ಲ. ಐದು ತಿಂಗಳಿಂದ ನಮ್ಮ ಮನೆಯಲ್ಲಿ ಬರಬೇಕಾಗಿದ್ದದ್ದು ಅದೊಂದೇ. ನಿಂತ ಕಡೆಯೇ ಅಮ್ಮನವರನ್ನು ನೆನೆದು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಕೈಯಲ್ಲಿದ್ದ ತುಪ್ಪದ ಬಟ್ಟಲು ಕಾಣಿಸಿತು. "ಅಯ್ಯೋ, ಇವತ್ತಾ?" ಎಂದು ಬಾಯಿಂದ ತಾನಾಗಿ ಹೊರಬಿತ್ತು.

ಅದು ಯಾಕೆ ಹಾಗೆ ಹೊರಬಿತ್ತೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಮಗಳು ದೊಡ್ಡವಳಾದದ್ದು ಏಳನೇ ಕ್ಲಾಸಿನ ಕೊನೆಯಲ್ಲಿ. ಯಲಹಂಕದ ಹಳೇ ಊರಿನವರು ನಾವು. ಹೊಲಗಳೆಲ್ಲ ಅಪಾರ್ಟ್‌ಮೆಂಟುಗಳಾದರೂ ಶಾಸ್ತ್ರ ಬಿಟ್ಟವರಲ್ಲ. ಆರತಿ ಮಾಡಿ, ಕೊಬ್ಬರಿ ಬೆಲ್ಲ ತಿನ್ನಿಸಿ, ಎಳ್ಳಿನ ಚಿಗಳಿ ಹಂಚಿದ್ದೆವು. ಆಮೇಲೆ ಎಲ್ಲ ತನ್ನಷ್ಟಕ್ಕೆ ನಡೆಯುತ್ತದೆ ಎಂದುಕೊಂಡಿದ್ದೆ. ನನಗೆ ಹಾಗೇ ನಡೆದಿತ್ತು. ತಿಂಗಳು ತಿಂಗಳು, ಗೋಡೆಯ ಕ್ಯಾಲೆಂಡರ್ ನೋಡದಿದ್ದರೂ ಮೈಯೇ ಹೇಳುತ್ತಿತ್ತು. ಅವಳದು ಹಾಗಲ್ಲ. ಒಮ್ಮೆ ಬಂದು ಇಪ್ಪತ್ತು ದಿನಕ್ಕೆ ಮತ್ತೆ ಬರುವುದು, ಆಮೇಲೆ ಎರಡು ತಿಂಗಳು ಸುದ್ದಿಯೇ ಇಲ್ಲದಿರುವುದು. ಒಮ್ಮೆ ಎರಡೇ ದಿನಕ್ಕೆ ನಿಲ್ಲುವುದು, ಇನ್ನೊಮ್ಮೆ ವಾರವಾದರೂ ನಿಲ್ಲದಿರುವುದು. ಶಾಲೆಯ ಬ್ಯಾಗಿನಲ್ಲಿ ಪ್ಯಾಡು, ಒಂದು ಜೊತೆ ಒಳಬಟ್ಟೆ ಯಾವಾಗಲೂ ಇರಲಿ ಎಂದು ಇಟ್ಟು ಕಳಿಸುತ್ತಿದ್ದೆ. ಒಂಬತ್ತನೇ ಕ್ಲಾಸಿಗೆ ಹೋಗುವ ಮುಂಚಿನ ಬೇಸಿಗೆ ರಜೆಯಲ್ಲಿ ಒಮ್ಮೆ ಆದದ್ದೇ ಕೊನೆ, ನಿಂತೇಹೋಯಿತು.

ನಮ್ಮತ್ತೆಗೆ ಹೇಳಿದರೆ ಅವರು ಸೊಪ್ಪು ಸೋಸುವ ಕೈಯನ್ನು ನಿಲ್ಲಿಸಲೂ ಇಲ್ಲ.

"ನಂಗೂ ಅಂಗೇ ಇತ್ತು ಕಣವ್ವ. ಒಂದ್ಸತಿ ಆದ್ರೆ ಸುಗ್ಗಿವರ್ಗೂ ಇರ್ತಿರ್ಲಿಲ್ಲ. ಆಗ ಯಾರು ಲೆಕ್ಕ ಇಟ್ಟಿದ್ರು? ಕಳೆ ಕೀಳೋದ್ರಲ್ಲಿ ಅದ್ರ ಗ್ಯಾನವೇ ಇರ್ತಿರ್ಲಿಲ್ಲ. ನಾಲ್ಕು ಹೆತ್ನಲ್ಲ, ಏನಾಯ್ತು?"

ಅದನ್ನು ಕೇಳಿ ಸಮಾಧಾನವಾಗಿಯೇ ಇತ್ತು. ಆದರೆ ಒಂದು ದಿನ ಟೆರೇಸಿನ ಮೇಲೆ ಬಟ್ಟೆ ಒಣಹಾಕುವಾಗ ಪಕ್ಕದ ಮನೆಯಾಕೆ ಆ ಕಡೆಯ ಟೆರೇಸಿನಿಂದ, "ಈಗಿನ ಹುಡುಗೀರಿಗೆಲ್ಲ ಗರ್ಭಕೋಶದ ಪಕ್ಕ ನೀರುಗುಳ್ಳೆ ಆಗತ್ತಂತೆ ಕಣ್ರೀ. ಮುಂದೆ ಮಕ್ಕಳಾಗೋದೇ ಕಷ್ಟ ಅಂತಾರೆ. ಸುಮ್ನೆ ಬಿಡಬೇಡಿ" ಎಂದಳು. ಒಳ್ಳೆಯ ಮನಸ್ಸಿಂದಲೇ ಹೇಳಿದ್ದು. ಆದರೆ ಅಂದಿನಿಂದ ನನ್ನ ನಿದ್ದೆ ಕೆಟ್ಟಿತು. ಮಗಳ ಮುಖದಲ್ಲಿ ಒಂದು ಮೊಡವೆ ಎದ್ದರೂ ಅದೇ ಯೋಚನೆ, ಒಂದು ಚಪಾತಿ ಹೆಚ್ಚು ತಿಂದರೂ ಅದೇ ಯೋಚನೆ.

ಮೂರು ತಿಂಗಳು ದಾಟಿದ ಮೇಲೆ ಸಂಜಯನಗರದಲ್ಲಿರುವ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕೇಳಿದ್ದನ್ನೆಲ್ಲ ನನ್ನನ್ನು ಕೇಳದೆ ಮಗಳನ್ನೇ ಕೇಳಿದರು. ಅವಳೂ ನಾಚದೆ ಎಲ್ಲ ಹೇಳಿದಳು. ಅವಳ ವಯಸ್ಸಿನಲ್ಲಿ ನಾನು ನನ್ನ ತಾಯಿಗೇ ಹೇಳಲಾರದೆ ಒದ್ದಾಡಿದ ಮಾತುಗಳನ್ನು ಇವಳು ಮೇಜಿನಾಚೆ ಕುಳಿತವರಿಗೆ ಸಲೀಸಾಗಿ ಹೇಳುತ್ತಿದ್ದಳು. ಅದೇ ಒಂದು ದೇವರ ದಯೆ ಅನ್ನಿಸಿತು ನನಗೆ. ರಕ್ತಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿಯಾಗಿತ್ತು, ರಕ್ತ ಮಾತ್ರ ಸ್ವಲ್ಪ ಕಮ್ಮಿ ಇತ್ತು.

"ಶುರುವಾದ ಮೊದಲ ಎರಡು ಮೂರು ವರ್ಷ ಮೈ ಇನ್ನೂ ಕಲೀತಿರುತ್ತಮ್ಮ. ಹಿಂದೆ ಮುಂದೆ ಆಗೋದು ಸಾಮಾನ್ಯ. ಮೂರು ತಿಂಗಳು ದಾಟಿತು ಅಂತ ಕರ್ಕೊಂಡು ಬಂದ್ರಲ್ಲ, ಅದು ಸರಿಯಾಗಿ ಮಾಡಿದ್ರಿ. ಈಗ ಗಾಬರಿಯಾಗೋ ಅಂಥದ್ದೇನೂ ಕಾಣ್ತಿಲ್ಲ. ಕಬ್ಬಿಣದ ಮಾತ್ರೆ ಕೊಡ್ತೀನಿ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ದಸರಾ ಕಳೆಯೋವರೆಗೂ ನೋಡೋಣ, ಆಗ್ಲೂ ಬರ್ದಿದ್ರೆ ಒಂದು ಸ್ಕ್ಯಾನ್ ಮಾಡಿಸೋಣ" ಎಂದರು.

ಡಾಕ್ಟರ ಮಾತಿನಲ್ಲಿ ನನಗೆ ನಂಬಿಕೆಯಿತ್ತು. ಆದರೆ ದಸರಾವರೆಗೆ ಸುಮ್ಮನೆ ಕಾಯುತ್ತಾ ಕೂರುವುದು ನನ್ನಂಥವಳಿಗೆ ಆಗದ ಕೆಲಸ. ಕೈಗೆ ಏನಾದರೂ ಕೆಲಸ ಬೇಕು. ಆಷಾಢದ ಕೊನೆಯ ಶುಕ್ರವಾರ ನಮ್ಮೂರ ಅಮ್ಮನವರ ಗುಡಿಗೆ ಹೋಗಿ ಹರಕೆ ಹೊತ್ತೆ. ಒಂಬತ್ತು ಶುಕ್ರವಾರ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುತ್ತೇನೆ, ಮಗಳ ಮೈ ಸರಿಮಾಡು ತಾಯಿ, ಕೊನೆಯ ವಾರದ ದೀಪ ಅವಳ ಕೈಯಲ್ಲೇ ಹಚ್ಚಿಸುತ್ತೇನೆ ಎಂದು ಬೇಡಿಕೊಂಡೆ.

ದೀಪಕ್ಕೆ ಬೇಕಾದದ್ದು ಸಿಪ್ಪೆ ಮಾತ್ರ. ಆದರೆ ವಾರವಾರ ಹಿಂಡಿದ ರಸವನ್ನು ಚೆಲ್ಲಲಾದೀತೆ? ಶುಕ್ರವಾರ ಮಧ್ಯಾಹ್ನ ಚಿತ್ರಾನ್ನ, ಸಂಜೆ ಶರಬತ್ತು. ಶನಿವಾರ ಮಿಕ್ಕ ರಸಕ್ಕೆ ಮತ್ತೆ ಚಿತ್ರಾನ್ನ. ನಾಲ್ಕನೇ ವಾರಕ್ಕೇ ಮನೆಯಲ್ಲಿ ದಂಗೆಯೆದ್ದಿತು.

"ಅಮ್ಮಾ, ನನ್ನ ಪೀರಿಯಡ್ಸ್ ಬರ್ಲಿ ಅಂತ ಇಡೀ ಮನೆ ಚಿತ್ರಾನ್ನ ತಿನ್ಬೇಕಾ?" ಎಂದು ಮಗಳು ತಟ್ಟೆ ತಳ್ಳಿದಳು.

"ಇನ್ನೆರಡು ವಾರ ತಿಂದ್ರೆ ನಾನೇ ಹಳದಿಯಾಗ್ತೀನಿ ಕಣೇ, ಆಮೇಲೆ ಡಾಕ್ಟ್ರು ನನಗೆ ಕಾಮಾಲೆ ಅಂತಾರೆ" ಎಂದರು ನಮ್ಮ ಯಜಮಾನರು. ಹಾಗೆಂದರೂ ತಟ್ಟೆಯಲ್ಲಿ ಒಂದು ಅಗುಳೂ ಬಿಡುತ್ತಿರಲಿಲ್ಲ.

ಅತ್ತೆ ಮಾತ್ರ, "ಅಮ್ಮನ ಪ್ರಸಾದ, ಸುಮ್ನೆ ಉಣ್ರೋ" ಎಂದು ಗದರಿಸುತ್ತಿದ್ದರು.

ನಡುವೆ ಎರಡು ಶುಕ್ರವಾರ ನನ್ನ ಸರದಿ ಬಂದು ಗುಡಿಗೆ ಹೋಗಲಾಗಲಿಲ್ಲ. ಮಗಳದು ಬರಲೆಂದು ಹೊತ್ತ ಹರಕೆಗೆ ನನ್ನದು ಅಡ್ಡ ಬರುತ್ತಿದೆಯಲ್ಲ ಎಂದು ಒಳಗೊಳಗೇ ನಗು ಬಂದಿತ್ತು. ಆ ವಾರಗಳನ್ನು ಬಿಟ್ಟು ಎಣಿಸಿದ್ದರಿಂದ ಒಂಬತ್ತನೇ ಶುಕ್ರವಾರ ನವರಾತ್ರಿಯೊಳಗೇ ಬಂದಿತು. ಶಾಲೆಗೆ ದಸರಾ ರಜೆ, ಮಗಳು ಮನೆಯಲ್ಲೇ ಇರುತ್ತಾಳೆ. ಇದೂ ಅಮ್ಮನ ದಯೆಯೇ ಎಂದು ಎಣಿಸಿಕೊಂಡೆ.

ಆ ವಾರದ ಬುಧವಾರ ಬಾಗಲಗುಂಟೆಯಿಂದ ನನ್ನ ನಾದಿನಿ ಫೋನ್ ಮಾಡಿದಳು. ಅವಳ ಪರ್ಸಿನಲ್ಲಿ ಕುಂಕುಮದ ಡಬ್ಬಿ ಇಲ್ಲದಿದ್ದರೂ ತಿಂಗಳನ್ನು ಮುಂದಕ್ಕೆ ಹಾಕುವ ಮಾತ್ರೆ ಇದ್ದೇ ಇರುತ್ತದೆ. ಮದುವೆ, ಗೃಹಪ್ರವೇಶ, ತಿರುಪತಿ, ಯಾವುದೇ ಇರಲಿ, ನಮ್ಮ ಕಡೆಯ ಹೆಂಗಸರಿಗೆಲ್ಲ ಅವಳೇ ಹಂಚುವುದು.

"ಅತ್ತಿಗೆ, ಕೊನೇ ವಾರ ಮಗೂನೇ ದೀಪ ಹಚ್ಬೇಕಲ್ವಾ? ಅಕಸ್ಮಾತ್ ಅವತ್ತೇ ಆಗ್ಬಿಟ್ರೆ? ಇವತ್ತಿಂದಾನೇ ಮಾತ್ರೆ ಶುರು ಮಾಡ್ಬಿಡಿ, ಹೆಸ್ರು ಹೇಳ್ತೀನಿ ಬರ್ಕೊಳ್ಳಿ."

"ಹೌದಲ್ವಾ! ಇರು, ಪೆನ್ ತಗೋತೀನಿ" ಎಂದೆ ನಾನು.

ನಿಜವಾಗಿಯೂ ಪೆನ್ ಹುಡುಕಿದೆ. ಹೆಸರು ಬರೆದೂ ಕೊಂಡೆ. ತಮ್ಮ ಅಂಗಡಿಗೆ ಹೊರಟಿದ್ದ ಯಜಮಾನರಿಗೆ ಚೀಟಿ ಕೊಡಲು ಹೋದಾಗ, ಬಾಗಿಲಲ್ಲಿ ಕಾಲು ಚಾಚಿ ಕುಳಿತಿದ್ದ ಅತ್ತೆ, "ಏನವ್ವ ಅದು?" ಎಂದರು. ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಶುಕ್ರವಾರ ಬಂದ್ರೆ ಅದು ಬರ್ಲಿ ಅಂತ ದೀಪ ಹಚ್ಚೋದು. ಬುಧ್ವಾರ ಬಂದ್ರೆ ಬರ್ದೇ ಇರ್ಲಿ ಅಂತ ಮಾತ್ರೆ ನುಂಗ್ಸೋದು. ಅಮ್ಮನೋರು ಯಾವ್ದು ಕೇಳಿಸ್ಕೋಬೇಕವ್ವ?"

ಯಜಮಾನರು ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ಗೋಡೆ ಹಿಡಿದುಕೊಂಡು ನಕ್ಕರು. ಮಗಳು ರೂಮಿನಿಂದ ಹೊರಗೆ ಬಂದು, ವಿಷಯ ತಿಳಿದು, ನೆಲದ ಮೇಲೆ ಕುಳಿತು ನಕ್ಕಳು. ನಾನೂ ನಕ್ಕೆ, ಏನು ಮಾಡಲಿ? ತಮ್ಮನ್ನು ಕೇಳದೆ ಯಾವ ಮಾತ್ರೆಯನ್ನೂ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದೂ ಆಗ ನೆನಪಾಯಿತು. ಚೀಟಿಯನ್ನು ಹರಿದು ಒಲೆಯ ಪಕ್ಕದ ಕಸದ ಬುಟ್ಟಿಗೆ ಹಾಕಿದೆ.

ಆಮೇಲೆ ಬಂದದ್ದೇ ಆ ಶುಕ್ರವಾರ, ಆ ಬಚ್ಚಲಮನೆಯ ಬಾಗಿಲು.

ಅವಳಿಗೆ ಬೇಕಾದದ್ದನ್ನೆಲ್ಲ ಕೊಟ್ಟು, ತುಪ್ಪದ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಅತ್ತೆಯ ಹತ್ತಿರ ಹೋದೆ. ಅವರು ನಡುಮನೆಯಲ್ಲಿ ವೀಳ್ಯದೆಲೆ ಒರೆಸುತ್ತಿದ್ದರು.

"ಅತ್ತೆ, ಕೂಸಿಗೆ ಆಯ್ತು."

ಅವರು ಎಲೆಯನ್ನು ಕೆಳಗಿಟ್ಟು ಎರಡೂ ಕೈ ಎತ್ತಿ ಮುಗಿದರು. ಏನೂ ಇಲ್ಲವೆಂಬಂತೆ ಇಷ್ಟು ತಿಂಗಳು ಸೊಪ್ಪು ಸೋಸುತ್ತಿದ್ದವರ ಕಣ್ಣಂಚು ಒದ್ದೆಯಾದದ್ದನ್ನು ನೋಡಿ, ಇವರೂ ಒಳಗೇ ಹೆದರಿದ್ದರು ಎಂದು ನನಗೆ ಆಗ ತಿಳಿಯಿತು.

"ಆದ್ರೆ ಹರಕೆ ಏನ್ ಮಾಡೋದು ಅತ್ತೆ? ಅವಳ ಕೈಲೇ ಹಚ್ಚಿಸ್ತೀನಿ ಅಂತ ಬಾಯಿಬಿಟ್ಟು ಹೇಳಿದೀನಿ. ಗುಡಿಗೆ ಕರ್ಕೊಂಡ್ ಹೋಗೋ ಹಾಗಿಲ್ಲ. ಮನೇಲಿ ಹಚ್ಚೋಣ ಅಂದ್ರೆ ನಿಂಬೆ ದೀಪ ಮನೇಲಿ ಹಚ್ಬಾರ್ದು. ಅಮ್ಮನವರು ವರ ಕೊಟ್ಟ ದಿನಾನೇ ನಾನು ಮಾತು ತಪ್ಪಿದ ಹಾಗಾಗತ್ತಲ್ಲ."

ಹೊರಗಿನವರಿಗೆ ಇದೇನು ದೊಡ್ಡ ವಿಷಯ ಅನ್ನಿಸಬಹುದು. ನನಗೆ ದೊಡ್ಡದೇ. ಮಗಳ ಮೈ ಈಗಷ್ಟೇ ದಾರಿಗೆ ಬಂದಿದೆ, ಇವತ್ತೇ ಕೊಟ್ಟ ಮಾತಿಗೆ ತಪ್ಪಿದರೆ ಎಂಬ ಹೆದರಿಕೆ.

ಮಗಳು ಬಾಗಿಲಲ್ಲಿ ಬಂದು ನಿಂತಿದ್ದಳು. "ಅಜ್ಜಿ, ನಾನು ಬರ್ದೇ ಇದ್ರೂ ಪರ್ವಾಗಿಲ್ಲ. ಆದ್ರೆ ಎರಡು ನಿಂಬೆ ಹೋಳು ಆಗ್ಲೇ ಮುಟ್ಬಿಟ್ಟಿದೀನಿ. ಅದನ್ನ ಏನ್ ಮಾಡ್ತೀರಾ?" ಎಂದಳು. ಪರವಾಗಿಲ್ಲ ಎಂದರೂ ಮುಖ ಸಪ್ಪಗಿತ್ತು. ಹಿಂದಿನ ದಿನವೇ ಹಸಿರು ಲಂಗ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದಳು.

ಅತ್ತೆ ವೀಳ್ಯದೆಲೆಯ ತೊಟ್ಟು ಮುರಿಯುತ್ತಾ ಯೋಚಿಸಿದರು. ಆಮೇಲೆ ಕೇಳಿದರು, "ಗುಡಿ ಕಟ್ಟೋಕೆ ಮುಂಚೆ ಅಮ್ಮನೋರು ಎಲ್ಲಿದ್ರು ಗೊತ್ತೇನೇ ಕೂಸೇ?"

"ಎಲ್ಲಿ?"

"ರಸ್ತೆ ತಿರುವಿನಾಗೆ ಬೇವಿನ ಮರ ಐತಲ್ಲ, ಅದ್ರ ಬುಡದಾಗೆ. ಮೂರು ಕಲ್ಲು. ಆಗ ಅದು ನಮ್ಮ ಹೊಲದ ಬದು. ನಾಟಿ ಆಕೋಕೆ ಮುಂಚೆ ನಮ್ಮತ್ತೆ ಅಲ್ಲೇ ಮೊಸರನ್ನ ಇಡೋರು. ಹೊರ್ಗಾದ ಹೆಂಗಸ್ರು ಊರೊಳಗಿನ ಬ್ಯಾರೆ ಗುಡಿಗಳ್ಗೆ ಓಗಂಗಿಲ್ಲ, ಅದ್ಕೇ ಕೆಲಸಕ್ಕೆ ಬಂದೋರು ಆ ಬದಿನ ಮೇಲೆ ನಿಂತ್ಕಂಡು ಆಯಮ್ಮಂಗೆ ಕಷ್ಟ ಸುಖ ಹೇಳ್ಕಳೋರು. ಆಯಮ್ಮ ಒಂದಿನಾನೂ ದೂರ ಓಗ್ರಿ ಅಂದಿಲ್ಲ. ಆಮೇಲೆ ಕಲ್ಲನ್ನ ಗುಡಿಗೆ ತಗಂಡೋದ್ರು, ಮರ ಉಳ್ಕಂಡೈತೆ."

"ಹಾಗಾದ್ರೆ?" ಎಂದೆ ನಾನು.

"ಆಗಾದ್ರೆ ಏನು? ಅದು ಮನೇನೂ ಅಲ್ಲ, ಗುಡೀನೂ ಅಲ್ಲ. ಇವಳು ಮಗುಚಿದ ಎರಡು ಹೋಳು ಇವಳ್ದೇ. ಅಲ್ಲಿ ಹಚ್ಲಿ. ಮಿಕ್ಕಿದ್ದು ನೀನು ಗುಡಿಗೆ ತಗಂಡೋಗು. ಕೈ ಇವಳ್ದೇ ಆಯ್ತು, ದಿನಾನೂ ತಪ್ಪಲಿಲ್ಲ."

ಮಗಳು ಹಸಿರು ಲಂಗ ಹಾಕಿಕೊಳ್ಳಲು ಓಡಿದಳು.

ಹೂವು ತರಲು ಹೋಗಿದ್ದ ಯಜಮಾನರು ಅಷ್ಟರಲ್ಲಿ ಬಂದರು. ಹೇಳಿದೆ. ಮಲ್ಲಿಗೆಯ ಪೊಟ್ಟಣ ಹಿಡಿದು ಬಾಗಿಲಲ್ಲೇ ನಿಂತರು. "ಬಂತಾ? ಒಳ್ಳೇದಾಯ್ತು" ಎಂದು, ಪೊಟ್ಟಣವನ್ನು ನನ್ನ ಕೈಗಿಟ್ಟು, "ಮೆಡಿಕಲ್‌ನಿಂದ ಏನಾದ್ರೂ ತರ್ಬೇಕಾ? ಇದೆಯಾ?" ಎಂದು ಕೇಳಿದರು. ನನ್ನ ಅಪ್ಪ ಈ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಲೂ ಇರಲಿಲ್ಲ. ಇದನ್ನೂ ಆ ದಿನದ ದಯೆಗಳಲ್ಲಿ ಸೇರಿಸಿಕೊಂಡೆ. "ಇದೆ, ನೀವು ಅಂಗಡಿಗೆ ಹೊರಡಿ" ಎಂದೆ. ಹೋಗುತ್ತಾ ತಿರುಗಿ, "ಮುಂದಿನ ಶುಕ್ರವಾರ ಪುಳಿಯೋಗರೆ ಮಾಡ್ತೀಯಾ ಹಾಗಾದ್ರೆ?" ಎಂದರು.

ಹತ್ತೂವರೆ ದಾಟಿದ ಮೇಲೆ ನಾವು ಮೂವರೂ ಹೊರಟೆವು. ಮುಂದೆ ಅತ್ತೆ, ನಡುವೆ ಹರಿವಾಣ ಹಿಡಿದ ನಾನು, ನಾಲ್ಕು ಹೆಜ್ಜೆ ಹಿಂದೆ ತನ್ನ ಎರಡು ಹೋಳುಗಳನ್ನು ಸ್ಟೀಲ್ ಬಟ್ಟಲಲ್ಲಿ ಹಿಡಿದ ಮಗಳು. ಆ ಬೇವಿನ ಮರದ ಹಿಂದೆ ಈಗ ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡ್ ಇದೆ. ಮರದ ಬುಡಕ್ಕೆ ಯಾರೋ ಒಡೆದ ಹೂಕುಂಡ ತಂದು ಇಟ್ಟಿದ್ದರು. ಅತ್ತೆ ಅದನ್ನು ಕಾಲಿಂದ ಸರಿಸಿ, ಸೆರಗಿನಿಂದಲೇ ಒಣಎಲೆ ಗುಡಿಸಿ, "ಇಲ್ಲಿಡು" ಎಂದರು.

ಸರಿಯಾಗಿದ್ದ ಹೋಳಿನೊಳಗೆ ತುಪ್ಪ ಬಿದ್ದಿತು, ಬತ್ತಿ ನಿಂತಿತು. ಅಂಚು ಹರಿದದ್ದರಲ್ಲಿ ತುಪ್ಪ ಸೋರತೊಡಗಿತು.

"ಇದು ನಿಲ್ಲಲ್ಲಮ್ಮ."

"ಹರಿದ ಕಡೆ ಮೇಲಕ್ಕೆ ಬರೋ ಹಾಗೆ ವಾಲಿಸಿ ಇಡು" ಎಂದೆ.

ಒಂದು ಕಲ್ಲಿನ ಚೂರನ್ನು ಕೆಳಗೆ ಕೊಟ್ಟು ವಾಲಿಸಿದಳು. ಸೋರುವುದು ನಿಂತಿತು. ಅರ್ಧವೇ ತುಪ್ಪ ಹಿಡಿದರೂ ಹಿಡಿಯಿತು. ಗಾಳಿಗೆ ಎರಡು ಬೆಂಕಿಕಡ್ಡಿ ಆರಿದವು, ಮೂರನೆಯದಕ್ಕೆ ಎರಡೂ ದೀಪ ಹತ್ತಿಕೊಂಡವು. ಮೇಲೆ ಏರ್‌ಪೋರ್ಟಿನ ಕಡೆಗೆ ಒಂದು ವಿಮಾನ ಇಳಿಯುತ್ತಿತ್ತು, ಅದರ ಸದ್ದಿನಲ್ಲಿ ಅವಳು ಏನು ಬೇಡಿಕೊಂಡಳೋ ಕೇಳಿಸಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಒಂದು ಕೈಯನ್ನು ನೋಯುವ ಹೊಟ್ಟೆಯ ಮೇಲಿಟ್ಟುಕೊಂಡು ನಿಂತಿದ್ದಳು.

"ಅಜ್ಜಿ, ಹೊಟ್ಟೆ ನೋಯ್ತಿದೆ. ಮನೆಗೆ ಹೋಗ್ಲಾ?"

"ನಡಿ, ನಾನೂ ಬತ್ತೀನಿ. ಬಿಸಿನೀರು ಕಾಯಿಸಿ ಕೊಡ್ತೀನಿ" ಎಂದು ಅತ್ತೆ ಅವಳ ಹೆಗಲ ಮೇಲೆ ಕೈಹಾಕಿದರು.

ಆ ದಿನಗಳಲ್ಲಿ ಅವಳು ಕುಳಿತ ಚಾಪೆಯನ್ನೂ ಮುಟ್ಟದವರು ಅತ್ತೆ. ಅದೇನು ಅವರಿಗೆ ಮರೆತುಹೋಯಿತೋ, ಬೇಕೆಂದೇ ಹಿಡಿದರೋ ನನಗೆ ಇಂದಿಗೂ ಗೊತ್ತಿಲ್ಲ, ಕೇಳಲೂ ಇಲ್ಲ. ಇಬ್ಬರೂ ಹಾಗೇ ರಸ್ತೆ ದಾಟಿ ಹೋಗುವುದನ್ನು ನೋಡುತ್ತಾ ನಿಂತಿದ್ದು, ಆಮೇಲೆ ಗುಡಿಯ ಕಡೆ ನಡೆದೆ.

ಗುಡಿಯಲ್ಲಿ ನವರಾತ್ರಿಯ ಜನ. ಹೆಂಗಸರ ಸಾಲಿನಲ್ಲಿ ಕುಳಿತು ಉಳಿದ ದೀಪಗಳನ್ನೆಲ್ಲ ಹಚ್ಚಿದೆ. ಬೇಡುವುದಕ್ಕೆ ಏನೂ ಉಳಿದಿರಲಿಲ್ಲ. ತಾಯಿ, ನೀನೂ ತಮಾಷೆಯವಳೇ, ಇದೇ ದಿನ ಆರಿಸಿದೆಯಲ್ಲ ಎಂದು ಮನಸ್ಸಿನಲ್ಲೇ ಅಂದೆ. ಡಾಕ್ಟರ ನೆನಪೂ ಬಂದಿತು. ಅವರು ಕಾಯೋಣ ಎಂದ ಅವಧಿಯೂ ಹೆಚ್ಚುಕಮ್ಮಿ ಅಷ್ಟಕ್ಕೇ ಮುಗಿಯುತ್ತಿತ್ತು. ಅಮ್ಮನವರಿಂದ ಆಯಿತೋ, ಕಬ್ಬಿಣದ ಮಾತ್ರೆಯಿಂದ ಆಯಿತೋ, ಮೈ ತಾನಾಗಿ ಕಲಿಯಿತೋ ಎಂದು ವಿಚಾರಣೆ ಮಾಡಲು ನಾನು ಯಾರು? ಎಲ್ಲರಿಗೂ ಸೇರಿಸಿ ಒಂದೇ ಸಲ ಕೈಮುಗಿದೆ. ದಸರಾ ಕಳೆದ ಮೇಲೆ ಡಾಕ್ಟರ ಹತ್ತಿರವೂ ಹೋಗಿ ಹೇಳಿ ಬಂದೆವು. ಅವರೂ ಸಂತೋಷಪಟ್ಟು, ಮಾತ್ರೆ ಇನ್ನೊಂದಷ್ಟು ದಿನ ನಡೆಯಲಿ, ಸ್ಕ್ಯಾನ್ ಸದ್ಯಕ್ಕೆ ಬೇಡ ಎಂದರು.

ಆಮೇಲೂ ಅವಳದು ಒಮ್ಮೆಲೇ ನೆಟ್ಟಗಾಗಲಿಲ್ಲ. ಒಂದು ಸಲ ನಲವತ್ತು ದಿನಕ್ಕೆ, ಒಂದು ಸಲ ಮೂವತ್ತೈದಕ್ಕೆ ಎಂದು ಎಳೆದಾಡುತ್ತಾ, ಈಗ ಪಿಯುಸಿಗೆ ಬರುವ ಹೊತ್ತಿಗೆ ಒಂದು ಹದಕ್ಕೆ ಬಂದಿದೆ. ಎರಡು ದಿನ ಹಿಂದೆ ಮುಂದೆ ಆದರೆ ಈಗ ಯಾರೂ ಕ್ಯಾಲೆಂಡರ್ ಕಡೆ ಓಡುವುದಿಲ್ಲ. ಟೆರೇಸಿನ ಮೇಲೆ ಪಕ್ಕದ ಮನೆಯಾಕೆ ಸಿಕ್ಕಾಗ ನಾನೇ ಮೊದಲು ಮಾತಾಡಿಸುತ್ತೇನೆ.

ಆ ದಿನ ಗುಡಿಯಿಂದ ಬರುತ್ತಾ ಬೇವಿನ ಮರದ ಹತ್ತಿರ ಒಂದು ಗಳಿಗೆ ನಿಂತೆ. ಸರಿಯಾಗಿದ್ದ ಹೋಳಿನ ದೀಪ ಗಾಳಿಗೆ ಆರಿಹೋಗಿತ್ತು. ಅಂಚು ಹರಿದದ್ದು, ಕಲ್ಲಿಗೆ ಒರಗಿಕೊಂಡು, ಇನ್ನೂ ಉರಿಯುತ್ತಿತ್ತು.

ಮನೆಗೆ ಬಂದಾಗ ಮಗಳು ಬಿಸಿನೀರಿನ ಬಾಟಲಿಯನ್ನು ಹೊಟ್ಟೆಗೆ ಅವುಚಿಕೊಂಡು ನಡುಮನೆಯಲ್ಲಿ ಮಲಗಿದ್ದಳು. ಪಕ್ಕದಲ್ಲಿ ಅತ್ತೆ ಅರ್ಧಕ್ಕೆ ಬಿಟ್ಟಿದ್ದ ವೀಳ್ಯದೆಲೆಗಳನ್ನು ಮತ್ತೆ ಒರೆಸುತ್ತಿದ್ದರು.

"ಅಮ್ಮಾ, ಹಸಿವು. ಚಿತ್ರಾನ್ನಕ್ಕೆ ಕಡ್ಲೆಬೀಜ ಜಾಸ್ತಿ ಹಾಕು."

"ಬೇಡ ಅಂತಿದ್ಯಲ್ಲೇ!"

"ಇವತ್ತು ಬೇಕು."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದೆ. ಅನ್ನವನ್ನು ಅಗಲದ ತಟ್ಟೆಗೆ ಹರವಿ ಆರಲು ಬಿಟ್ಟು, ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಎರಡು ಹಿಡಿ ಕಡಲೆಬೀಜ ಸುರಿದು, ಬೆಳಿಗ್ಗೆ ಹಿಂಡಿಟ್ಟಿದ್ದ ನಿಂಬೆರಸದಲ್ಲಿದ್ದ ಬೀಜಗಳನ್ನು ಒಂದೊಂದಾಗಿ ಚಮಚದಿಂದ ಆರಿಸಿ ತೆಗೆಯತೊಡಗಿದೆ.